ಹುಣಸೆ, ಮುರುಗಲು, ವೈನ್: ಉತ್ತರ ಕನ್ನಡದ ನಾಲಿಗೆಗೆ ಒಂದು ಪರಿಚಯ

ಬಂಗುಡೆಯ ಸಾರಿಗೆ ಹುಣಸೆಯೋ ಮುರುಗಲೋ, ಸಿಗಡಿಗೆ ಅಂಬಟೆಯೋ ಬಿಂಬಲವೋ ಎಂಬುದನ್ನು ಕಾರವಾರದಿಂದ ಭಟ್ಕಳದವರೆಗೆ ಯಾವ ಅಡುಗೆಮನೆಯಲ್ಲೂ ಪುಸ್ತಕ ನೋಡಿ ತೀರ್ಮಾನಿಸುವುದಿಲ್ಲ. ಘಟ್ಟ ಹತ್ತಿ ಶಿರಸಿ, ಸಿದ್ದಾಪುರದ ಕಡೆಗೆ ಹೋದರೆ ಹುಳಿಗಳ ಬಳಗ ಇನ್ನೂ ದೊಡ್ಡದಾಗುತ್ತದೆ: ಅಪ್ಪೆಮಿಡಿ, ಉಪ್ಪಾಗೆ, ವಾಟೆಹುಳಿ, ಕಂಚಿಕಾಯಿ. ಒಂದು ಹುಳಿ ನಾಲಿಗೆಯ ಮೇಲೆ ಚುರುಕಾಗಿ ಎದ್ದು ಮಾಯವಾಗುತ್ತದೆ, ಇನ್ನೊಂದು ಗಂಟಲಿನವರೆಗೆ ನಿಧಾನವಾಗಿ ಇಳಿಯುತ್ತದೆ, ಮತ್ತೊಂದು ಹಲ್ಲನ್ನೇ ಜುಮ್ಮೆನಿಸುತ್ತದೆ. ಇಷ್ಟು ಸೂಕ್ಷ್ಮ ಬಲ್ಲ ನಾಲಿಗೆಗೆ ವೈನ್ ಅಪರಿಚಿತವಾಗಿ ಉಳಿಯಬೇಕಾದ ಕಾರಣವೇ ಇಲ್ಲ.

ಆದರೂ ಉಳಿದಿದೆ. ಬಾಟಲಿಯ ಹಿಂಬದಿಯ ಚೀಟಿಯಲ್ಲಿ ಬ್ಲ್ಯಾಕ್‌ಕರೆಂಟ್, ಗೂಸ್‌ಬೆರಿ ಎಂದು ನಮ್ಮ ಸಂತೆಯಲ್ಲಿ ಎಂದೂ ಕಾಣದ ಹಣ್ಣುಗಳ ಹೆಸರಿರುತ್ತದೆ. ಅದನ್ನು ಓದಿದವರು ಇದು ತಮಗೆ ದಕ್ಕುವ ವಿಷಯವಲ್ಲವೆಂದು ಬಾಟಲಿಯನ್ನು ಪಕ್ಕಕ್ಕಿಟ್ಟು ಬಿಯರಿಗೋ ಸಿಹಿ ಪೋರ್ಟಿಗೋ ಮರಳುತ್ತಾರೆ. ನನ್ನ ಮಟ್ಟಿಗೆ ಪರಿಮಳಗಳ ಪಟ್ಟಿ ವೈನ್ ಕಲಿಕೆಯ ಕೊನೆಯ ಪಾಠ. ಮೊದಲ ಪಾಠ ಹುಳಿ, ಎರಡನೆಯದು ಒಗರು. ಹುಳಿಯನ್ನು ಕರಾವಳಿ ಬಲ್ಲದು, ಒಗರನ್ನು ಅಡಿಕೆಯ ಸೀಮೆ ಬಲ್ಲದು. ಇವೆರಡನ್ನು ಹಿಡಿದು ಹೊರಟರೆ ಕರ್ನಾಟಕದ ವೈನ್ ಏಕೆ ಹಾಗಿದೆ, ನಮ್ಮ ಊಟದ ಜೊತೆ ಯಾವುದು ಹೊಂದುತ್ತದೆ, ಕಾಕ್‌ಟೇಲ್‌ಗೆ ನಮ್ಮ ತೋಟ ಏನು ಕೊಡಬಲ್ಲದು ಎಂಬುದೆಲ್ಲ ಒಂದೊಂದಾಗಿ ತಿಳಿಯುತ್ತದೆ.

ಬೋರ್ಡೋ ದ್ರಾವಣದ ನಂಟು

ಮೊದಲಿಗೆ, ನಮ್ಮ ಜಿಲ್ಲೆಯಲ್ಲಿ ವೈನ್ ದ್ರಾಕ್ಷಿಯ ತೋಟಗಳು ಏಕಿಲ್ಲ? ಉತ್ತರ ಮಳೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ. ದ್ರಾಕ್ಷಿಯ ನಾಡಾದ ವಿಜಯಪುರದಲ್ಲಿ ಬೀಳುವುದು ಅದರ ಐದನೇ ಒಂದು ಭಾಗದಷ್ಟು. ದ್ರಾಕ್ಷಿ ಬಳ್ಳಿಯ ದೊಡ್ಡ ಶತ್ರು ಬೂಜುತುಪ್ಪಟ ರೋಗ. ಎಲೆಯ ಮೇಲೆ ತೇವ ನಿಂತರೆ ಸಾಕು, ಅದು ತೋಟವಿಡೀ ಹಬ್ಬುತ್ತದೆ. ಶಿರಸಿಯ ಬೆಳೆಗಾರರಿಗೆ ಇದರ ಹತ್ತಿರದ ಸಂಬಂಧಿಯೊಂದು ಬಹಳ ಚೆನ್ನಾಗಿ ಗೊತ್ತು: ಅಡಿಕೆಯ ಕೊಳೆರೋಗ. ಎರಡನ್ನೂ ತರುವ ಸೂಕ್ಷ್ಮಜೀವಿಗಳು ಒಂದೇ ಗುಂಪಿಗೆ ಸೇರಿದವು. ಎರಡಕ್ಕೂ ಹಳೆಯ ಮದ್ದು ಒಂದೇ.

ಮಳೆಗಾಲದಲ್ಲಿ ಕೊನೆಗೌಡರು ಮರವೇರಿ ಹೊಡೆಯುವ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ದ್ರಾಕ್ಷಿತೋಟಗಳಲ್ಲಿ. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಅಲ್ಲಿನವರು ನೀಲಿ ಬಣ್ಣದ ಲೇಪ ಹಾಕುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಗುಲಿಲ್ಲ ಎಂಬುದನ್ನು ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿ, ಪರೀಕ್ಷಿಸಿ, 1885ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅದೇ ಮದ್ದನ್ನು ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ವೈನಿನ ಚರಿತ್ರೆಯ ಒಂದು ತುಣುಕು ನಮ್ಮ ಅಡಿಕೆ ತೋಟದಲ್ಲಿ ಪ್ರತಿ ಮಳೆಗಾಲವೂ ನೀಲಿಯಾಗಿ ಕಾಣಿಸಿಕೊಳ್ಳುತ್ತದೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಬಯಲುಸೀಮೆಯಲ್ಲಿ ಮಳೆಯ ಕಾಟ ಕಡಿಮೆ, ಆದರೆ ಅಲ್ಲಿನ ತೊಡಕು ಬೇರೆ. ಯುರೋಪಿನಲ್ಲಿ ಬಳ್ಳಿ ಚಳಿಗಾಲಕ್ಕೆ ಎಲೆಯುದುರಿಸಿ ವಿಶ್ರಾಂತಿಗೆ ಹೋಗುತ್ತದೆ. ನಮ್ಮಲ್ಲಿ ಅಂಥ ಚಳಿಯಿಲ್ಲ. ಬಿಟ್ಟರೆ ಬಳ್ಳಿ ವರ್ಷವಿಡೀ ಚಿಗುರುತ್ತದೆ. ಅದಕ್ಕೇ ರೈತರು ವರ್ಷಕ್ಕೆ ಎರಡು ಸಲ ಚಾಟನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮಾಡುತ್ತಾರೆ. ಕೊಯ್ಲು ಮುಗಿದ ಮೇಲೆ ಏಪ್ರಿಲ್ ಹೊತ್ತಿಗೆ ಮೊದಲ ಚಾಟನಿ, ಅದು ಕಡ್ಡಿ ಬಲಿಯಲು. ಮಳೆ ಹಿಂದೆ ಸರಿಯುವ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಎರಡನೆಯದು, ಅದು ಹಣ್ಣಿಗೆ. ಹೀಗೆ ಹಣ್ಣು ಮಾಗುವ ಕಾಲವನ್ನು ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣ ತಿಂಗಳುಗಳಿಗೆ ಹೊಂದಿಸಿಕೊಳ್ಳಲಾಗುತ್ತದೆ. ಯುರೋಪಿನಲ್ಲಿ ಸೆಪ್ಟೆಂಬರಿನ ಕೊಯ್ಲು ನಮ್ಮಲ್ಲಿ ಫೆಬ್ರವರಿಯಲ್ಲಿ ನಡೆಯುವುದು ಈ ಚಾಟನಿಯ ಲೆಕ್ಕಾಚಾರದಿಂದ.

ರಾಜ್ಯದ ವೈನ್ ತೋಟಗಳು ಸ್ಥೂಲವಾಗಿ ಮೂರು ಕಡೆ ಇವೆ. ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಸುತ್ತಲಿನದು ಹಳೆಯದು. 1988ರಲ್ಲಿ ಶುರುವಾದ ಗ್ರೋವರ್ ಸಂಸ್ಥೆ ಫ್ರೆಂಚ್ ತಳಿಗಳನ್ನು ಅಲ್ಲಿ ಬೇರೂರಿಸಿತು, ಇಂದು ಅದು ಗ್ರೋವರ್ ಝಾಂಪಾ. ಎರಡನೆಯದು ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಕೃಷ್ಣಾ ಕಣಿವೆ. ಮೂರನೆಯದು ಕೊಪ್ಪಳ ಜಿಲ್ಲೆಯ ಕಲ್ಲುಗುಡ್ಡಗಳ ನಡುವೆ ಕೃಷ್ಮಾ ಸಂಸ್ಥೆ ಬೆಳೆಸಿರುವ ತೋಟ. ಬಾಟಲಿಯ ಮೇಲೆ ಹಂಪಿ ಹಿಲ್ಸ್ ಎಂದು ಕಾಣುವುದು ಇದನ್ನೇ. ಚನ್ನಪಟ್ಟಣದಲ್ಲಿ ಸುಲಾ ಸಂಸ್ಥೆಯ ವೈನರಿಯೂ ಇದೆ. ರಾಜ್ಯ ಸರ್ಕಾರ ಸಾರಾಯಿಯನ್ನು ನಿಷೇಧಿಸಿದ್ದು 2007ರ ಜುಲೈ 1ರಂದು. ದ್ರಾಕ್ಷಿ ಬೆಳೆಗಾರರಿಗೆ ಒತ್ತಾಸೆಯಾಗಲೆಂದು ವೈನ್ ನೀತಿ ತಂದದ್ದೂ ಅದೇ 2007ರಲ್ಲಿ. ಮಳಿಗೆಯಲ್ಲಿ ಕರ್ನಾಟಕದ ವೈನ್ ಇಂದು ಕೈಗೆ ಸಿಗುವಂತಾಗಿರುವುದರ ಹಿಂದೆ ಆ ನೀತಿಯ ಪಾಲು ದೊಡ್ಡದು.

ಹುಳಿಯೇ ಬೆನ್ನೆಲುಬು

ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಆಮ್ಲಗಳಿವೆ. ಒಂದು ಟಾರ್ಟಾರಿಕ್, ಇನ್ನೊಂದು ಮಾಲಿಕ್. ಟಾರ್ಟಾರಿಕ್ ಆಮ್ಲ ಹಣ್ಣುಗಳ ಲೋಕದಲ್ಲಿ ಅಷ್ಟು ಸಾಮಾನ್ಯವಲ್ಲ. ಅದು ಹೇರಳವಾಗಿ ಇರುವ ಇನ್ನೊಂದು ಹಣ್ಣು ನಮ್ಮ ಹುಣಸೆ. ಅದರ ತಿರುಳಿನಲ್ಲಿ ಶೇಕಡಾ 8ರಿಂದ 18ರಷ್ಟು ಟಾರ್ಟಾರಿಕ್ ಆಮ್ಲವೇ ಇರುತ್ತದೆ. ಅಂದರೆ ಹುಣಸೆ ಹಿಂಡಿದ ಮೀನುಸಾರಿನಲ್ಲೂ ಒಂದು ಲೋಟ ಬಿಳಿ ವೈನಿನಲ್ಲೂ ಇರುವುದು ಒಂದೇ ಆಮ್ಲ. ಮಾಲಿಕ್ ಆಮ್ಲ ಹಸಿರು ಸೇಬಿನ ಹುಳಿ, ಕಾಯಿಯ ಹುಳಿ, ಸ್ವಲ್ಪ ಕಚ್ಚುವ ಸ್ವಭಾವದ್ದು.

ಹಣ್ಣು ಮಾಗುವಾಗ ಸಕ್ಕರೆ ಏರುತ್ತದೆ, ಮಾಲಿಕ್ ಇಳಿಯುತ್ತದೆ. ಬಿಸಿಲು ಹೆಚ್ಚಿದಷ್ಟೂ, ಅದರಲ್ಲೂ ರಾತ್ರಿಗಳು ಬೆಚ್ಚಗಿದ್ದಷ್ಟೂ, ಅದು ಬೇಗ ಇಳಿಯುತ್ತದೆ; ಕಾಳು ತನ್ನ ಉಸಿರಾಟಕ್ಕೆ ಅದನ್ನೇ ಉರಿಸಿಬಿಡುತ್ತದೆ. ಸಕ್ಕರೆಯೆಲ್ಲ ಹುದುಗಿ ಆಲ್ಕೋಹಾಲ್ ಆಗುತ್ತದೆ. ಹೀಗಾಗಿ ಬಿಸಿಸೀಮೆಯ ವೈನಿಗೆ ಸದಾ ಒಂದು ಅಪಾಯ ಕಾದಿರುತ್ತದೆ: ಆಲ್ಕೋಹಾಲ್ ಜಾಸ್ತಿ, ಹುಳಿ ಕಡಿಮೆ. ಅಂಥ ವೈನ್ ಬಾಯಿಯಲ್ಲಿ ದಪ್ಪಗೆ, ಜೋಭದ್ರವಾಗಿ ಕೂರುತ್ತದೆ. ಎರಡನೇ ಗುಟುಕಿಗೆ ಮನಸ್ಸಾಗುವುದಿಲ್ಲ. ನಮ್ಮ ವೈನ್ ತಯಾರಕರ ಹೋರಾಟವೆಲ್ಲ ಇದರ ವಿರುದ್ಧವೇ. ತುಸು ಮೊದಲೇ ಕೊಯ್ಯುತ್ತಾರೆ, ಬೆಳಕು ಹರಿಯುವ ಮುನ್ನವೇ ತಂಪಿನಲ್ಲಿ ಕೊಯ್ಯುತ್ತಾರೆ, ರಸವನ್ನು ತಣ್ಣಗಿನ ಸ್ಟೀಲ್ ಟ್ಯಾಂಕಿನಲ್ಲಿ ಹುದುಗಿಸುತ್ತಾರೆ. ಆಗಲೂ ಸಾಲದಿದ್ದರೆ, ಸಪ್ಪೆಯಾದ ಸಾರಿಗೆ ಇನ್ನೊಂದು ಚೂರು ಹುಣಸೆ ಹಿಂಡುವಂತೆ, ರಸಕ್ಕೆ ಟಾರ್ಟಾರಿಕ್ ಆಮ್ಲ ಸೇರಿಸುತ್ತಾರೆ. ಜಗತ್ತಿನ ಬೆಚ್ಚಗಿನ ವೈನ್ ನಾಡುಗಳಲ್ಲೆಲ್ಲ ಇರುವ ಒಪ್ಪಿತ ಪದ್ಧತಿ ಇದು, ಕಲಬೆರಕೆಯಲ್ಲ. ಅಳತೆ ತಪ್ಪಿದರೆ ಮಾತ್ರ ಹುಳಿ ವೈನಿನೊಳಗೆ ಬೆರೆಯದೆ ಬೇರೆಯಾಗಿ ನಿಂತಂತೆ ತೋರುತ್ತದೆ. ಹುಳಿ ಪಳಗಿದ ನಾಲಿಗೆಗೆ ಇದು ಥಟ್ಟನೆ ತಿಳಿಯುತ್ತದೆ.

ಅಳೆಯುವ ಕ್ರಮ ಸುಲಭ. ಒಂದು ಗುಟುಕು ಬಾಯಿತುಂಬ ಆಡಿಸಿ ನುಂಗಿ, ತುಟಿ ಮುಚ್ಚಿ ಸುಮ್ಮನಿರಿ. ನಾಲಿಗೆಯ ಎರಡೂ ಪಕ್ಕದಲ್ಲಿ ನೀರೂರುತ್ತದೆ. ಬೇಗ, ಹೆಚ್ಚು ಹೊತ್ತು ಊರಿದರೆ ಹುಳಿ ಚೆನ್ನಾಗಿದೆ ಎಂದರ್ಥ. ಊರದೇ ಗಂಟಲು ಬೆಚ್ಚಗಾದರೆ ಆ ವೈನಿನಲ್ಲಿ ಆಲ್ಕೋಹಾಲಿನದೇ ಕಾರುಬಾರು. ಭಾರತದಲ್ಲಿ ಬೆಳೆಯುವ ಬಿಳಿ ತಳಿಗಳ ಪೈಕಿ ಶೆನಿನ್ ಬ್ಲಾಂಕ್ ಬಿಸಿಲಿನಲ್ಲೂ ಹುಳಿ ಉಳಿಸಿಕೊಳ್ಳುವ ಗಟ್ಟಿ ಜಾತಿ. ಸುವಿನ್ಯಾ ಬ್ಲಾಂಕ್‌ನಲ್ಲಿ ಹುಳಿಯ ಜೊತೆ ದೊಣ್ಣೆಮೆಣಸಿನಕಾಯಿಯ ಹಸಿರು ವಾಸನೆಯೂ ಇರುತ್ತದೆ. ಕೊತ್ತಂಬರಿ, ಹಸಿಮೆಣಸು ಅರೆದು ಮಾಡಿದ ಪದಾರ್ಥ ಬಲ್ಲವರಿಗೆ ಅದು ಹೊಸದಲ್ಲ.

ಕೆಂಪು ವೈನಿನಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಕಚ್ಚುವ ಮಾಲಿಕ್ ಆಮ್ಲವನ್ನು ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತದೆ. ಲ್ಯಾಕ್ಟಿಕ್ ಎಂದರೆ ಮಜ್ಜಿಗೆಯ ಹುಳಿ. ಕೆಂಪು ವೈನಿನ ಹುಳಿ ಮೆದುವಾಗಿರುವುದಕ್ಕೆ, ಶಾರ್ಡನೆ ಎಂಬ ಬಿಳಿ ತಳಿಯ ಕೆಲವು ವೈನುಗಳಲ್ಲಿ ಬೆಣ್ಣೆಯ ನೆನಪಾಗುವುದಕ್ಕೆ ಇದೇ ಕಾರಣ. ಇನ್ನು, ಫ್ರಿಜ್ಜಿನಲ್ಲಿಟ್ಟ ಬಾಟಲಿಯ ತಳದಲ್ಲಿ ಸಕ್ಕರೆ ಹರಳಿನಂಥ ಪುಡಿ ಕಂಡರೆ ಗಾಬರಿ ಬೇಡ. ಅದು ಗಾಜಲ್ಲ, ಟಾರ್ಟಾರಿಕ್ ಆಮ್ಲದ ಲವಣ ಹರಳುಗಟ್ಟಿದ್ದು.

ಚೊಗರು ತಿಳಿದವರಿಗೆ ಟ್ಯಾನಿನ್

ಕೆಂಪು ವೈನ್ ಕುಡಿದಾಗ ಒಸಡು ಬಿಗಿದು, ನಾಲಿಗೆ ಒರಟಾಗುತ್ತದಲ್ಲ, ಅದು ರುಚಿಯಲ್ಲ, ಸ್ಪರ್ಶ. ಟ್ಯಾನಿನ್ ಎಂಬ ವಸ್ತು ಬಾಯಿಯ ಲಾಲಾರಸದಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಜಾರುಗುಣವನ್ನು ಕಿತ್ತುಕೊಳ್ಳುವುದರಿಂದ ಹೀಗಾಗುತ್ತದೆ. ಎಳೆಯ ಅಡಿಕೆ ಅಗಿದವರಿಗೆ ಇದನ್ನು ವಿವರಿಸಬೇಕಿಲ್ಲ. ಶಿರಸಿಯ ಕಡೆ ಹಸಿ ಅಡಿಕೆ ಬೇಯಿಸಿದ ನೀರು ಕುದಿಕುದಿದು ಚೊಗರಾಗುತ್ತದೆ. ಒಣಗುವ ಅಡಿಕೆಗೆ ಆ ಕೆಂಪು ಬಣ್ಣ, ಹೊಳಪು ಕೊಡುವುದು ಅದೇ. ಆ ಚೊಗರಿನ ಜೀವಾಳವೂ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದ ಟ್ಯಾನಿನ್ನೂ ರಸಾಯನಶಾಸ್ತ್ರದಲ್ಲಿ ಒಂದೇ ಮನೆತನದವು.

ಬಿಳಿ ವೈನಿಗೆ ರಸ ಹಿಂಡಿ ಸಿಪ್ಪೆಯನ್ನು ಆಚೆ ತೆಗೆಯುತ್ತಾರೆ, ಆದ್ದರಿಂದ ಒಗರು ಕಡಿಮೆ. ಕೆಂಪು ವೈನಿನಲ್ಲಿ ರಸ ದಿನಗಟ್ಟಲೆ ಸಿಪ್ಪೆಯ ಜೊತೆಗೇ ಹುದುಗುತ್ತದೆ. ಬಣ್ಣವೂ ಒಗರೂ ಒಟ್ಟಿಗೇ ಇಳಿಯುತ್ತವೆ. ಕೆಂಪು ತಳಿಗಳ ಪೈಕಿ ಕ್ಯಾಬರ್ನೆ ಸುವಿನ್ಯೋನಿನದು ಬಿಗಿಯಾದ ಒಗರು. ಶಿರಾಜ್ ಅದಕ್ಕಿಂತ ತುಸು ಸಡಿಲ, ಅದರಲ್ಲಿ ಕಾಳುಮೆಣಸಿನ ವಾಸನೆಯೂ ಇರುವುದುಂಟು. ಅದು ಕವಿಮಾತಲ್ಲ: ಕಾಳುಮೆಣಸಿಗೆ ಆ ಘಮ ಕೊಡುವ ರೊಟಂಡೋನ್ ಎಂಬ ವಸ್ತುವೇ ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆ ನಮ್ಮ ಜಿಲ್ಲೆಯದೇ. ಹಾಗಾಗಿ ಒಂದು ಲೋಟ ಶಿರಾಜ್ ಮುಂದಿಟ್ಟುಕೊಂಡವರು ಎರಡು ಕಾಳು ಜಜ್ಜಿ ಮೂಸಿ ನೋಡಿ ಹೋಲಿಸಲಿ ಎಂಬುದು ನನ್ನ ಒತ್ತಾಯ.

ಮೀನಿನ ಜೊತೆ ಯಾವುದು?

ಮೀನಿಗೆ ಬಿಳಿ ವೈನ್, ಮಾಂಸಕ್ಕೆ ಕೆಂಪು ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಇದರ ಹಿಂದಿನ ಕಾರಣವನ್ನು ಜಪಾನಿನ ಸಂಶೋಧಕರು 2009ರಲ್ಲಿ ಪ್ರಯೋಗದಿಂದ ತೋರಿಸಿದರು. ವೈನಿನಲ್ಲಿ ಕರಗಿರುವ ಕಬ್ಬಿಣದ ಅಂಶ ಹೆಚ್ಚಿದ್ದಷ್ಟೂ ಸಮುದ್ರಾಹಾರದ ಜೊತೆ ಬಾಯಿಯಲ್ಲಿ ಉಳಿಯುವ ಹಸಿ ನಾತ ಹೆಚ್ಚುತ್ತದೆ. ಕೆಂಪು ವೈನಿನಲ್ಲಿ ಸಾಮಾನ್ಯವಾಗಿ ಕಬ್ಬಿಣ ಜಾಸ್ತಿ. ಎಣ್ಣೆ ತುಂಬಿದ ಬಂಗುಡೆ, ತಾರ್ಲೆಗಳ ಜೊತೆ ಒಗರಿನ ಕ್ಯಾಬರ್ನೆ ಕುಡಿದರೆ ನಾಲಿಗೆಯ ಮೇಲೆ ತಗಡು ನೆಕ್ಕಿದ ಅನುಭವವಾಗುವುದು ಇದರಿಂದಲೇ.

ಆದರೆ ನಮ್ಮ ಊಟದಲ್ಲಿ ಮೀನು ಒಂಟಿಯಾಗಿ ಬರುವುದಿಲ್ಲ. ಅದರ ಜೊತೆ ತೆಂಗು, ಒಣಮೆಣಸು, ಹುಳಿ, ಜುಮ್ಮನಕಾಯಿ ಇರುತ್ತವೆ. ಅದಕ್ಕೇ ಪರದೇಶದ ಪಟ್ಟಿಗಳು ಇಲ್ಲಿ ಅರ್ಧಕ್ಕೇ ಕೈಕೊಡುತ್ತವೆ. ಮೊದಲು ನೋಡಬೇಕಾದ್ದು ಖಾರ. ಬಾಯಿಯಲ್ಲಿ ಬಿಸಿಯನ್ನು ಗುರುತಿಸುವ ನರತುದಿಗಳು ಸುಮಾರು 42 ಡಿಗ್ರಿ ಸೆಲ್ಸಿಯಸ್‌ಗೆ ಎಚ್ಚರಗೊಳ್ಳುತ್ತವೆ. ಮೆಣಸಿನಕಾಯಿ ಅವನ್ನೇ ಮುಟ್ಟಿ ಉರಿ ಎನ್ನಿಸುತ್ತದೆ. ಆಲ್ಕೋಹಾಲ್ ಆ ಮಿತಿಯನ್ನು ಸುಮಾರು 34 ಡಿಗ್ರಿಗೆ ಇಳಿಸಿಬಿಡುತ್ತದೆ. ಅಂದರೆ ದೇಹದ ಮಾಮೂಲಿ ಬಿಸಿಯೇ ಉರಿಯಾಗುತ್ತದೆ. ಖಾರದ ಊಟಕ್ಕೆ ಶೇಕಡಾ 14ರ ವೈನ್ ಬೇಡ, 12ರ ಆಸುಪಾಸಿನದು ಸಾಕು ಎನ್ನುವುದು ಇದಕ್ಕಾಗಿ. ಒಂಚೂರು ಸಿಹಿ ಉಳಿಸಿಕೊಂಡ ಶೆನಿನ್ ಬ್ಲಾಂಕ್ ಉರಿಯನ್ನು ತಣಿಸುತ್ತದೆ. ಆಮೇಲೆ ಹುಳಿ: ತಟ್ಟೆಯ ಹುಳಿಗಿಂತ ಲೋಟದ ಹುಳಿ ಕಡಿಮೆಯಾದರೆ ವೈನ್ ನೀರು ನೀರಾಗಿ ತೋರುತ್ತದೆ. ಮುರುಗಲು ಹಾಕಿದ ಸಾರಿನ ಮುಂದೆ ಮೆದು ವೈನ್ ನಿಲ್ಲುವುದೇ ಇಲ್ಲ.

ನನ್ನ ಆಯ್ಕೆಗಳನ್ನು ಹೇಳುವುದಾದರೆ, ಅಘನಾಶಿನಿಯ ಬೆಳಚಿನ ಸುಕ್ಕಾಕ್ಕೆ ಚೆನ್ನಾಗಿ ತಣಿದ ಸುವಿನ್ಯಾ ಬ್ಲಾಂಕ್‌ಗಿಂತ ಮಿಗಿಲಾದುದಿಲ್ಲ. ಶಿರಸಿಯ ಶಂಕರಹೊಂಡದ ಬಳಿ ಹುಟ್ಟಿ ಅಣೆಕಟ್ಟಿನ ತಡೆಯಿಲ್ಲದೆ ಕುಮಟಾದ ಹತ್ತಿರ ಕಡಲು ಸೇರುವ ಆ ನದಿಯ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶದ, ಮನ್ನಣೆ ದೊರೆತಿದೆ. ಅಲ್ಲಿನ ಬೆಳಚಿಗೆ ಸಮುದ್ರದ ಉಪ್ಪು, ಹೊಳೆಯ ಸಿಹಿ ಎರಡೂ ಇವೆ, ಅದಕ್ಕೆ ಚೂಪಾದ ಹುಳಿಯೇ ಸರಿಯಾದ ಜೊತೆ. ರವೆ ಹಚ್ಚಿ ಹುರಿದ ಇಶ್ವಾಣ ಅಥವಾ ನೊಗ್ಲಿಗೆ ಗುಳ್ಳೆಯೇಳುವ ಸ್ಪಾರ್ಕ್ಲಿಂಗ್ ವೈನ್ ಹೊಂದುತ್ತದೆ. ಗುಳ್ಳೆ ಮತ್ತು ಹುಳಿ ಎಣ್ಣೆಯ ಜಿಡ್ಡನ್ನು ತೊಳೆದು ಮುಂದಿನ ತುತ್ತಿಗೆ ಬಾಯಿಯನ್ನು ಅಣಿಗೊಳಿಸುತ್ತವೆ. ತೆಂಗಿನಹಾಲಿನ ಸಿಗಡಿಗೆ ಶೆನಿನ್. ಕೆಂಪೇ ಬೇಕೆನ್ನುವವರು ಒಗರು ಕಡಿಮೆಯಿರುವ ಶಿರಾಜನ್ನು ತಣ್ಣಗೆ ಮಾಡಿಕೊಂಡು ಕೋಳಿ ಸುಕ್ಕಾದ ಜೊತೆ ಕುಡಿಯಲಿ. ಸಿಹಿ ಪೋರ್ಟನ್ನು ಮೀನಿನ ಜೊತೆ ಕುಡಿಯುವುದನ್ನು ಮಾತ್ರ ನಾನು ಒಪ್ಪಲಾರೆ. ನಮ್ಮ ಕಡೆ ಪೋರ್ಟ್ ಎಂದು ಸಿಗುವುದರಲ್ಲಿ ಬಹುಪಾಲು ಬೆಂಗಳೂರು ನೀಲಿ ದ್ರಾಕ್ಷಿಯದು. ಅದರ ಮಿಠಾಯಿಯಂಥ ಘಮ ಊಟ ಮುಗಿದ ಮೇಲೆ, ಕ್ರಿಸ್‌ಮಸ್ ಕೇಕಿನ ಜೊತೆ ಚೆನ್ನ.

ಸೆಕೆಯ ಊರಿನಲ್ಲಿ ಬಾಟಲಿ

ಕರಾವಳಿಯಲ್ಲಿ ವೈನಿನ ದೊಡ್ಡ ವೈರಿ ನಮ್ಮ ಸೆಕೆ. ವೈನ್ ನೆಮ್ಮದಿಯಾಗಿರುವುದು 12ರಿಂದ 15 ಡಿಗ್ರಿಯಲ್ಲಿ. 30 ಡಿಗ್ರಿಯಲ್ಲಿ ವಾರಗಟ್ಟಲೆ ನಿಂತ ಬಾಟಲಿಯಲ್ಲಿ ಹಣ್ಣಿನ ಘಮ ಹೋಗಿ ಬೇಯಿಸಿದ ಜಾಮಿನ ವಾಸನೆ ಬರುತ್ತದೆ. ಆದ್ದರಿಂದ ಮಳಿಗೆಯಲ್ಲಿ ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಧೂಳು ಹಿಡಿದು ನಿಂತದ್ದನ್ನು ಎಷ್ಟೇ ರಿಯಾಯಿತಿ ಕೊಟ್ಟರೂ ಕೊಳ್ಳಬಾರದು. ಚೀಟಿಯ ಮೇಲಿನ ವರ್ಷ ಕೊಯ್ಲಿನ ವರ್ಷ. ಬಿಳಿ ವೈನಿನಲ್ಲಿ ಸಿಗುವ ಪೈಕಿ ತೀರಾ ಹೊಸದನ್ನೇ ಆರಿಸಬೇಕು. ಎರಡು ವರ್ಷ ದಾಟಿದ್ದರೆ ನಾನು ಮುಟ್ಟುವುದಿಲ್ಲ. ತಿರುಗಿಸಿ ತೆರೆಯುವ ಮುಚ್ಚಳವೆಂದರೆ ಅಗ್ಗದ ಮಾಲು ಎಂಬ ತಿಳಿವಳಿಕೆ ತಪ್ಪು. ನಮ್ಮ ಹವೆಗೆ ಬಿರಡೆಗಿಂತ ಅದೇ ವಾಸಿ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂಬ ಮಾತು ಹುಟ್ಟಿದ್ದು 16-18 ಡಿಗ್ರಿಯ ಯುರೋಪಿನ ಕೋಣೆಗಳಲ್ಲಿ. ಕಾರವಾರದ ಕೋಣೆಗೆ ಅದನ್ನು ಅನ್ವಯಿಸಿದರೆ ಬರೀ ಸ್ಪಿರಿಟ್ಟಿನ ಘಾಟು ಏಳುತ್ತದೆ. ಕೆಂಪನ್ನೂ ಕುಡಿಯುವ ಮುನ್ನ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಬಿಳಿಯದು 8-10 ಡಿಗ್ರಿಯಷ್ಟು ತಣ್ಣಗಿರಲಿ. ತೆರೆದ ಬಾಟಲಿಯನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ಬಾಳುತ್ತದೆ, ಆಮೇಲೆ ಅಡುಗೆಗೆ.

ಗೇರುಹಣ್ಣು ಮತ್ತು ಮಾಜಾಳಿಯ ಗಡಿ

ದ್ರಾಕ್ಷಿ ನಮ್ಮದಲ್ಲ, ಆದರೆ ಗೇರು ನಮ್ಮದು. ಅಂಕೋಲಾ, ಕುಮಟಾ, ಹೊನ್ನಾವರದ ಗುಡ್ಡಗಳಲ್ಲಿ ಮಾರ್ಚಿನಿಂದ ಮೇವರೆಗೆ ಗೇರುಹಣ್ಣಿನ ಘಾಟು ಗಾಳಿಯಲ್ಲೇ ಇರುತ್ತದೆ. ಕಾಳಿ ನದಿಯಾಚೆ, ಮಾಜಾಳಿ ದಾಟಿದರೆ ಗೋವಾ. ಅಲ್ಲಿ ಇದೇ ಹಣ್ಣು ಫೆನಿಯಾಗುತ್ತದೆ. ಕಿತ್ತದ್ದಲ್ಲ, ತಾನಾಗಿ ಉದುರಿದ ಮಾಗಿದ ಹಣ್ಣನ್ನೇ ಆರಿಸಿ, ತುಳಿದು ಅಥವಾ ಅರೆದು ರಸ ತೆಗೆದು, ಕೆಲವು ದಿನ ಹುದುಗಲು ಬಿಡುತ್ತಾರೆ. ಭಟ್ಟಿಯಲ್ಲಿ ಮೊದಲ ಸಲ ಇಳಿದದ್ದು ಉರಾಕ್, ಸುಮಾರು ಶೇಕಡಾ 15ರ ಹಗುರ ಪಾನೀಯ. ಉರಾಕನ್ನು ಇನ್ನಷ್ಟು ಹುದುಗಿದ ರಸದೊಂದಿಗೆ ಮತ್ತೆ ಇಳಿಸಿದರೆ ಶೇಕಡಾ 40 ದಾಟಿದ ಫೆನಿ. ಗೋವಾದ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. ಉರಾಕ್ ಹೆಚ್ಚು ದಿನ ಉಳಿಯುವುದಿಲ್ಲ, ಆದ್ದರಿಂದ ಅದು ಬೇಸಿಗೆಗೆ ಮೀಸಲು. ಲಿಂಬೆ, ಉಪ್ಪು, ಸೀಳಿದ ಹಸಿಮೆಣಸು, ಸೋಡಾ ಹಾಕಿದ ಒಂದು ಲೋಟ ಉರಾಕ್ ಏಪ್ರಿಲಿನ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ್ದು. ಗೋವಾದ ಕಾಣಕೋಣದ ಕಡೆಗೆ ಹೋಗುವವರು ಫೆನಿಗಿಂತ ಮೊದಲು ಅದನ್ನು ಕೇಳಲಿ.

ಗೋವಾದಲ್ಲಿ ಮದ್ಯದ ಮೇಲಿನ ತೆರಿಗೆ ಕಡಿಮೆ, ಬೆಲೆಯೂ ಕಡಿಮೆ. ಆದರೆ ಪರವಾನಗಿ ಇಲ್ಲದೆ ಬಾಟಲಿಗಳನ್ನು ಗಡಿ ದಾಟಿಸುವುದು ಅಪರಾಧ. ಅಲ್ಲಿನದನ್ನು ಅಲ್ಲಿಯೇ ಕುಡಿದು ಬರುವುದು ಕ್ಷೇಮ, ಅದೂ ವಾಹನ ಓಡಿಸುವವರು ಬೇರೆ ಇದ್ದಾಗ. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದೂ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧವೇ. ಮನೆಯ ಭಟ್ಟಿಯಲ್ಲಿ ಮೆಥನಾಲ್ ಎಂಬ ವಿಷವನ್ನು ಬೇರ್ಪಡಿಸುವ ಖಾತರಿಯೂ ಇಲ್ಲ.

ಇಷ್ಟಾಗಿ, ನಮ್ಮ ಕಡೆಯ ಗೇರುಹಣ್ಣು ಬೀಜ ಕಿತ್ತ ಮೇಲೆ ಬಹುಪಾಲು ಮರದಡಿಯಲ್ಲೇ ಕೊಳೆಯುತ್ತದೆ. ಇದು ನನ್ನನ್ನು ಸದಾ ಕಾಡುವ ಸಂಗತಿ. ಗೇರುಹಣ್ಣಿನ ರಸಕ್ಕಿರುವ ತೊಡಕು ಒಗರು, ಅಂದರೆ ಮತ್ತೆ ಟ್ಯಾನಿನ್. ಸಾಬೂದಾನಿಯ ಗಂಜಿ ಬೆರೆಸಿದರೆ ಟ್ಯಾನಿನ್ ಅದಕ್ಕೆ ಕಚ್ಚಿಕೊಂಡು ತಳಕ್ಕಿಳಿದು ರಸ ತಿಳಿಯಾಗುತ್ತದೆ. ಆ ತಿಳಿರಸದಿಂದ ಒಳ್ಳೆಯ ವೈನ್ ಆಗುತ್ತದೆ, ಮದ್ಯವಿಲ್ಲದ ಪಾನಕವೂ ಆಗುತ್ತದೆ. ದ್ರಾಕ್ಷಿಗೆಂದು ನೀತಿ ಮಾಡಿದ ರಾಜ್ಯ ಗೇರುಹಣ್ಣಿಗೂ ಪರವಾನಗಿಯ ಸರಳ ದಾರಿಯೊಂದನ್ನು ತೆರೆದರೆ ಗುಡ್ಡದ ಬೆಳೆಗಾರರಿಗೆ ಬೀಜದ ಜೊತೆ ಹಣ್ಣಿನ ದುಡ್ಡೂ ಸಿಗುತ್ತದೆ.

ಲೋಟದಲ್ಲಿ ನಮ್ಮ ತೋಟ

ಕಾಕ್‌ಟೇಲ್‌ನ ಹಂದರ ಸರಳ: ಮದ್ಯ, ಹುಳಿ, ಸಿಹಿ, ತಂಪು. ಹಳೆಯ ಅಳತೆ 60 ಮಿಲಿಲೀಟರ್ ಮದ್ಯಕ್ಕೆ 25ರಷ್ಟು ಲಿಂಬೆರಸ, 20ರಷ್ಟು ಸಕ್ಕರೆ ಪಾಕ. ಇದರಲ್ಲಿ ಹುಳಿ, ಸಿಹಿ ಎರಡನ್ನೂ ನಮ್ಮ ಜಿಲ್ಲೆ ಜಗತ್ತಿನ ಯಾವ ಬಾರಿಗೂ ಕಡಿಮೆಯಿಲ್ಲದಂತೆ ಕೊಡುತ್ತದೆ.

ಮುರುಗಲಿನ ಹುಳಿ ಲಿಂಬೆಯದಲ್ಲ. ಲಿಂಬೆಯಲ್ಲಿರುವುದು ಸಿಟ್ರಿಕ್ ಆಮ್ಲ. ಮುರುಗಲು, ಉಪ್ಪಾಗೆಗಳಲ್ಲಿ ಮುಖ್ಯವಾದದ್ದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಉಪ್ಪಾಗೆಯ ಜಾತಿಯಲ್ಲಿ ಅದನ್ನು ಖಚಿತವಾಗಿ ಗುರುತಿಸಿದ ಸಂಶೋಧನೆ ಪ್ರಕಟವಾದದ್ದು 1965ರಲ್ಲಿ. ಈ ಹುಳಿ ದುಂಡಗೆ, ನಿಧಾನವಾಗಿ ಹರಡುತ್ತದೆ, ಆದರೆ ಅದಕ್ಕೆ ಲಿಂಬೆಸಿಪ್ಪೆಯಂಥ ಎದ್ದು ಬರುವ ಘಮವಿಲ್ಲ. ಆದ್ದರಿಂದ ಮುರುಗಲಿನ ಪಾನೀಯಕ್ಕೆ ಕೊನೆಯಲ್ಲಿ ಒಂದು ಚೂರು ಲಿಂಬೆ ಅಥವಾ ಕಂಚಿಯ ಸಿಪ್ಪೆ ಹಿಂಡಬೇಕು. ಎಂಟು ಹತ್ತು ಒಣಸಿಪ್ಪೆಯನ್ನು ಒಂದು ಲೋಟ ಬಿಸಿನೀರಿನಲ್ಲಿ ಗಂಟೆ ಹೊತ್ತು ನೆನೆಸಿ ಸೋಸಿ. 45 ಮಿಲಿಲೀಟರ್ ಜಿನ್, ಅಷ್ಟೇ ಮುರುಗಲು ನೀರು, 15 ಸಕ್ಕರೆ ಪಾಕ, ಐಸ್, ಮೇಲೆ ಸೋಡಾ. ಸಿಪ್ಪೆ ಉಪ್ಪು ಹಾಕಿ ಒಣಗಿಸಿದ್ದಾದರೆ ಬೇರೆ ಉಪ್ಪು ಬೇಡ. ಕೆಂಪು ವೈನಿಗೆ ಬಣ್ಣ ಕೊಡುವ ಆಂಥೋಸಯನಿನ್‌ಗಳೇ ಇದಕ್ಕೂ ಬಣ್ಣ ಕೊಡುವುದು. ಹುಳಿ ಇರುವವರೆಗೆ ಅದು ಮಾಣಿಕ್ಯದ ಕೆಂಪು. ಚಿಟಿಕೆ ಅಡುಗೆಸೋಡಾ ಬಿದ್ದರೆ ನೀಲಿಗೆ ತಿರುಗುತ್ತದೆ.

ಜೋನಿಬೆಲ್ಲವನ್ನು ಜಿನ್ನಿಗೆ ಹಾಕಬೇಡಿ, ಅದರ ಗಾಢ ರುಚಿ ಜಿನ್ನಿನ ಘಮವನ್ನು ಮುಚ್ಚಿಬಿಡುತ್ತದೆ. ಅದರ ಜಾಗ ರಮ್ಮಿನ ಪಕ್ಕ. ಎರಡೂ ಕಬ್ಬಿನ ಮಕ್ಕಳು. ರಮ್, ಲಿಂಬೆ, ನೀರು ಬೆರೆಸಿ ತೆಳುಮಾಡಿದ ಜೋನಿಬೆಲ್ಲ, ಮೇಲೆ ತುರಿದ ಜಾಯಿಕಾಯಿ. ಶಿರಸಿಯ ಮಳೆಗಾಲದ ಸಂಜೆಗೆ ಇಷ್ಟು ಸಾಕು. ಅಪ್ಪೆಮಿಡಿ ಉಪ್ಪಿನಕಾಯಿಗೆ ಮಿಡಿಗಳನ್ನು ನೆನೆಹಾಕಿದ ಉಪ್ಪುನೀರನ್ನು ಚೆಲ್ಲುವವರಿದ್ದಾರೆ. ಮಾರ್ಟಿನಿಗೆ ಆಲಿವಿನ ಉಪ್ಪುನೀರು ಬೆರೆಸುವ ಪದ್ಧತಿ ಇದೆಯಲ್ಲ, ಅಲ್ಲಿ ಇದನ್ನು ಎರಡು ಚಮಚ ಹಾಕಿ ನೋಡಿ. ಸೊನೆಯ ಆ ಘಮ ಬೇರಾವ ಹಣ್ಣಿಗೂ ಇಲ್ಲ.

ಮದ್ಯ ಬೇಡವೆನ್ನುವ ಮನೆಗಳು ಘಟ್ಟದ ಮೇಲೆ ಬಹಳ, ಅಲ್ಲಿ ಅದನ್ನು ತರಲೂಬಾರದು. ಅಲ್ಲಿಯ ಅಪ್ಪೆಹುಳಿ ತನ್ನಷ್ಟಕ್ಕೇ ಪರಿಪೂರ್ಣ ಪಾನೀಯ: ಬೇಯಿಸಿದ ಮಾವಿನ ತೆಳು ಹುಳಿ, ಉಪ್ಪು, ಹಸಿಮೆಣಸು, ಇಂಗಿನ ಒಗ್ಗರಣೆ. ಮುರುಗಲು, ತೆಂಗಿನಹಾಲು ಬೆರೆತ ಕರಾವಳಿಯ ಸೋಲ್ಕಢಿಯೂ ಹಾಗೆಯೇ. ಇವೆರಡನ್ನೂ ಶ್ರದ್ಧೆಯಿಂದ ಕುಡಿದವರಿಗೆ ಒಳ್ಳೆಯ ಕಾಕ್‌ಟೇಲ್ ಹೇಗಿರಬೇಕೆಂಬುದು ಗೊತ್ತಿರುತ್ತದೆ.

ಕಾರವಾರದ ಹೋಟೆಲುಗಳಲ್ಲಾಗಲಿ, ಗೋಕರ್ಣದ ಕಡಲಂಚಿನ ರೆಸಾರ್ಟುಗಳಲ್ಲಾಗಲಿ ಕಾಕ್‌ಟೇಲ್ ಕೇಳುವ ಮುನ್ನ ಒಂದೇ ಪ್ರಶ್ನೆ ಸಾಕು: ಲಿಂಬೆ ಈಗ ಹಿಂಡಿದ್ದೋ ಬಾಟಲಿಯದೋ? ಬಾಟಲಿಯದಾದರೆ ಬಿಯರ್ ತರಿಸಿಕೊಳ್ಳಿ. ಹಿಂಡಿದ್ದಾದರೆ, ಅಡುಗೆಮನೆಯಲ್ಲಿ ಮುರುಗಲು ಇದೆಯೇ ಎಂದೂ ಕೇಳಿ. ನಮ್ಮ ಕಡೆಯ ಅಡುಗೆಮನೆಯಲ್ಲಿ ಅದು ಇಲ್ಲದಿರುವುದು ಅಪರೂಪ. ಬಾರಿನವರಿಗೆ ಅದು ಹೊಳೆದಿರುವುದಿಲ್ಲ ಅಷ್ಟೇ.

ವೈನರಿಗೆ ಹೊರಡುವುದಾದರೆ

ಹೋಗಬೇಕಾದ ಕಾಲ ಫೆಬ್ರವರಿಯಿಂದ ಮಾರ್ಚ್ ಮಧ್ಯದವರೆಗೆ, ಕೊಯ್ಲು ನಡೆಯುತ್ತಿರುವಾಗ. ಶಿರಸಿಯವರಿಗೆ ಹುಬ್ಬಳ್ಳಿ ದಾಟಿ ಕೊಪ್ಪಳ, ವಿಜಯಪುರದ ಕಡೆ ಹತ್ತಿರ. ಬೆಂಗಳೂರಿಗೆ ಕೆಲಸದ ಮೇಲೆ ಹೋಗುವವರಿಗೆ ನಂದಿ ತಪ್ಪಲು, ಚನ್ನಪಟ್ಟಣ ಸುಲಭ. ಮುಂಚಿತವಾಗಿ ಕೇಳಿ ಸಮಯ ಗೊತ್ತುಮಾಡಿಕೊಳ್ಳದೆ ಹೋಗಬಾರದು. ತೋಟದಲ್ಲಿ ಬಿಟ್ಟರೆ ಒಂದು ಕಾಳು ಬಾಯಿಗೆ ಹಾಕಿ, ತಿರುಳು ಸಿಹಿ, ಸಿಪ್ಪೆ ಒಗರು, ಬೀಜ ಕಹಿ ಎಂಬುದನ್ನು ಬೇರೆ ಬೇರೆಯಾಗಿ ಅಗಿದು ನೋಡಿ. ಆಮೇಲೆ ಅದೇ ತಳಿಯ ವೈನ್ ಕುಡಿದಾಗ ಯಾವುದು ಎಲ್ಲಿಂದ ಬಂತು ಎಂಬುದು ಕಾಣುತ್ತದೆ. ರುಚಿ ನೋಡುವಾಗ ಉಗುಳುವ ಪಾತ್ರೆಯನ್ನು ಸಂಕೋಚವಿಲ್ಲದೆ ಬಳಸಿ. ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ನಾಲ್ಕಾರು ಲೋಟಗಳ ರುಚಿ ನೋಡಿದವರು ಅದನ್ನು ಮೀರುವುದು ಸುಲಭ, ಮುಂದೆ ಘಟ್ಟದ ತಿರುವುಗಳೂ ಇವೆ. ಚಾಲಕರು ಕುಡಿಯದವರಾಗಿರಲಿ.

ಕೊಂಡ ಬಾಟಲಿಗಳ ರಸೀದಿಯನ್ನು ಜೊತೆಗಿಟ್ಟುಕೊಳ್ಳಿ. ಬಾಟಲಿಗಳನ್ನು ಕಾರಿನ ಡಿಕ್ಕಿಯಲ್ಲಿ ಇಡಬೇಡಿ. ಮಾರ್ಚಿನ ಬಯಲುಸೀಮೆಯ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿ ಒಂದೆರಡು ಗಂಟೆಯಲ್ಲೇ ಒಲೆಯಾಗುತ್ತದೆ, ತಂಪು ಕಾಯಲು ತಯಾರಕರು ಪಟ್ಟ ಶ್ರಮವೆಲ್ಲ ಅಲ್ಲಿ ನೀರುಪಾಲಾಗುತ್ತದೆ. ಥರ್ಮಾಕೋಲಿನ ಪೆಟ್ಟಿಗೆಯೊಂದನ್ನು ಮನೆಯಿಂದಲೇ ಒಯ್ದು, ಹಿಂದಿನ ಸೀಟಿನ ಕೆಳಗೆ ನೆರಳಿನಲ್ಲಿಟ್ಟು ತನ್ನಿ. ಊರು ಮುಟ್ಟಿದ ಮೇಲೆ ಬಾಟಲಿಗಳಿಗೆ ಒಂದು ವಾರ ವಿಶ್ರಾಂತಿ ಕೊಡಿ; ಮೀನು ಅಷ್ಟರೊಳಗೆ ಗೊತ್ತುಮಾಡಿಕೊಳ್ಳಬಹುದು.